ಬಾಯಿಗೂಡಿದ್ದು

ಚೋಯ್ಜಿಲ್ ಮುದುಕ ಕುರಿಯ ತುಟಿ ಮಡಚಿ ತೋರಿಸಿದ:
ಇದು ಎರಡು ಹಲ್ಲಿನದು, ಹೋದ ವರ್ಷದ ಮರಿ.
ಇದು ನಾಲ್ಕು. ಇದು ಆರು.
ಇದು ಬಾಯಿಗೂಡಿದ್ದು.
ಅದೋ ಅದಕ್ಕೆ ಮುಂದಿನವು ಸವೆದಿವೆ,
ಹಿಮ ದಾಟಲಾರದು, ಚಳಿಗೆ ಮೊದಲೇ ಕೊಯ್ಯಬೇಕು.

ಮುನ್ನೂರು ಬಾಯಿ ಅವನಿಗೆ ಬಾಯಿಪಾಠ,
ತನ್ನದೊಂದನ್ನು ಬಿಟ್ಟು.

ನಾನು ಪಟ್ಟಣದ ಹಲ್ಲಿನ ಡಾಕ್ಟರು.
ಬೂದು ಬಣ್ಣದ ರಷ್ಯನ್ ವ್ಯಾನು, ಒಳಗೊಂದು ಮಡಚುವ ಕುರ್ಚಿ,
ಒಂದು ಜನರೇಟರು; ಅದು ಕೆಮ್ಮಿದರೆ
ನನ್ನ ಡ್ರಿಲ್ಲೂ ಕೆಮ್ಮುತ್ತದೆ.
ಇಲ್ಲಿಗೆ ಎರಡು ದಿನದ ದಾರಿ. ದಾರಿಯೆಂದರೆ
ಹುಲ್ಲಿನ ಮೇಲೆ ಹಿಂದಿನವನು ಬಿಟ್ಟುಹೋದ ಗಾಲಿಯ ಗೆರೆ.

ಗೆರ್‌ನ ಬಾಗಿಲು ಬಗ್ಗಿ ಒಳಹೊಕ್ಕರೆ
ಆ ದುಂಡು ಗುಡಾರದಲ್ಲಿ ಮೊದಲು ಎದುರಾದದ್ದು
ಉಪ್ಪು ಚಹಾ, ಕಲ್ಲಿನಂಥ ಒಣಮೊಸರು,
ಬಟ್ಟಲ ತುಂಬ ಬಣ್ಣದ ಕಾಗದದ ಪೆಪ್ಪರಮೆಂಟು.
ಅತಿಥಿಗೆ ಬೇಡವೆನ್ನುವ ಹಕ್ಕಿಲ್ಲ.
ಒಂದನ್ನೆತ್ತಿ ಕೋಟಿನ ಜೇಬಿಗೆ ಇಳಿಸಿದೆ.
ಇಪ್ಪತ್ತು ವರ್ಷ ಹೀಗೆ ಸಿಹಿ ನುಂಗಿ ನುಂಗಿ
ಆ ಜೇಬಿಗೂ ಹುಳುಕು ಹಿಡಿದಿದೆ, ತಳದಲ್ಲೊಂದು ತೂತು.

ಬಾಯಿ ತೆರೆಯಿರಿ, ಅಜ್ಜ.
ಎಡಗಡೆ, ಕೆಳಗೆ, ಅರ್ಧ ಕುಸಿದ ದವಡೆಹಲ್ಲು.
ಮೂರು ತಿಂಗಳಿಂದ ಒಂದೇ ಮಗ್ಗುಲಲ್ಲಿ ಅಗಿಯುತ್ತಿದ್ದಾನೆ,
ನಶ್ಯ ತುರುಕಿ, ವೋಡ್ಕಾ ಮುಕ್ಕಳಿಸಿ.

"ಹಲ್ಲು ಅಂದ್ರೆ ಏನು?"
ಮೊಮ್ಮಗಳು ಹಾಲಿಯುನ್, ಏಳು ವರ್ಷ.
ಮುಂದಿನೆರಡು ಬಿದ್ದ ಸಂದಿನಲ್ಲಿ ಮಾತು ಸಿಳ್ಳೆ ಹಾಕುತ್ತದೆ.
ಕಾಲೇಜಿನಲ್ಲಿ ಇದಕ್ಕೇ ಆರು ತಿಂಗಳ ಪಾಠವಿತ್ತು.
ನಾನು ಸುತ್ತ ಒಮ್ಮೆ ನೋಡಿದೆ.

ಹಲ್ಲೆಂದರೆ ನಿನ್ನ ಈ ಮನೆ, ಅಂದೆ.
ಹೊರಗೆ ಬಿಳಿಯ ಗಟ್ಟಿ ಹೊದಿಕೆ, ಎನಾಮೆಲ್ಲು.
ಅದರೊಳಗೆ ತುಸು ಹಳದಿ ಕಂಬಳಿ.
ನಟ್ಟನಡುವೆ ಒಲೆ: ರಕ್ತ ಅಲ್ಲಿ, ನರ ಅಲ್ಲಿ.
ಬೇರಿನ ಗೂಟ ಮೂಳೆಯೊಳಕ್ಕೆ,
ಬುಡದ ಸುತ್ತ ಒತ್ತಿದ ಮಣ್ಣು ವಸಡು.

"ಹೊದಿಕೆ ತೂತಾದ್ರೆ?"
ಗಾಳಿ ನುಗ್ಗುತ್ತೆ.
"ಅಮ್ಮ ಹೊಲೀತಾಳೆ."
ಹೊದಿಕೆಯಲ್ಲಷ್ಟೇ ಇರುವಾಗ ಹೊಲಿಯಬೇಕು, ಮಗು.
ಮಂಡಿ ತರಚಿದ ಹಾಗಲ್ಲ, ಆ ತೂತು ತಾನಾಗಿ ಕೂಡದು.
ತಣ್ಣೀರಿಗೆ ಜುಮ್ಮೆಂದರೆ ಗಾಳಿ ಕಂಬಳಿ ಮುಟ್ಟಿದೆ.
ನಿದ್ದೆ ಕೆಟ್ಟರೆ, ಒಲೆಯನ್ನೇ.
"ತೂತು ಮಾಡೋರು ಯಾರು?"
ಮರ್ಯಾದೆಗೆ ನಾನು ಬಟ್ಟಲ ಕಡೆ ನೋಡಲಿಲ್ಲ.
ಅವಳು ನೋಡಿದಳು.

ಸೂಜಿ ಚುಚ್ಚಿ, ತುಟಿ ಮರಗಟ್ಟಲೆಂದು ಕಾದೆ.
ಹಲ್ಲು ಕೀಳುವುದು ಎಳೆಯುವುದಲ್ಲ.
ಗೂಟ ಕಿತ್ತು ಗೂಟ ನೆಟ್ಟು ಬದುಕಿದವನಿಗೆ ಹೇಳಬೇಕಿಲ್ಲ:
ಅತ್ತ ಒತ್ತಿ, ಇತ್ತ ಒತ್ತಿ,
ನೆಲ ತಾನಾಗಿ ಕೈಬಿಡುವತನಕ.

ಬಂತು. ಅಂಗೈಮೇಲೆ ಹೊರಳಿಸಿ ಹೊರಳಿಸಿ
ಕುರಿ ನೋಡುವ ಕಣ್ಣಿನಿಂದ ನೋಡಿದ,
ಬಾಯಿತುಂಬ ಹತ್ತಿಯ ನಡುವೆಯೇ ಬೆಲೆ ಕಟ್ಟಿದ:
"ಅರವತ್ತೆಂಟು. ಹಿಮ ದಾಟಲಾರದು."

ಮೇಕೆಯ ನಯ ಉಣ್ಣೆ ಹೇಗೆ ಬಾಚುತ್ತೀರಿ? ಕೇಳಿದೆ.
ಗಾಳಿಯಲ್ಲೇ ಬಾಚಿ ತೋರಿಸಿದ:
ಬುಡದಿಂದ ತುದಿಗೆ, ಚರ್ಮ ಗೀರದಂತೆ.
ಅಷ್ಟೇ, ಅಂದೆ, ಬ್ರಷ್ಷು ಕೊಟ್ಟೆ. ದಿನಕ್ಕೆರಡು ಸಲ.
"ಮೇಕೆಗೇ ವರ್ಷಕ್ಕೊಂದು ಸಲ," ಗೊಣಗಿದ.

ಇಲ್ಲಿ ಮಕ್ಕಳ ಹಾಲುಹಲ್ಲನ್ನು ಕೊಬ್ಬಿನಲ್ಲಿ ಸುತ್ತಿ
ನಾಯಿಗೆ ತಿನ್ನಿಸುತ್ತಾರೆ, ಹೊಸದು
ನಾಯಿಹಲ್ಲಿನಂತೆ ಗಟ್ಟಿ ಬರಲಿ ಅಂತ.
ಸಂಜೆ ವ್ಯಾನಿನ ಬಳಿ ನಾನು ಇಕ್ಕಳ ಕುದಿಸುತ್ತಿದ್ದರೆ
ಮುದುಕ ಯಾರಿಗೂ ಕಾಣದ ಹಾಗೆ
ತನ್ನ ದವಡೆಹಲ್ಲಿಗೆ ಬಾಲದ ಕೊಬ್ಬು ಮೆತ್ತಿದ.

ನಾಯಿ ಕೊಬ್ಬನ್ನಷ್ಟೇ ನೆಕ್ಕಿತು. ಹಲ್ಲನ್ನು ಉಗುಳಿತು.
ಹಾಲಿಯುನ್ ಓಡಿ ಹೆಕ್ಕಿದಳು,
ಮುಳುಗುವ ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ,
ತೂತಿನೊಳಗೆ
ಒಲೆ ಹುಡುಕುತ್ತಿದ್ದಳು.